ಹೆಸರು ಬರುತ್ತೆ, ಕೈ ತೊಳೆಯುವಾಗ

ಗೋಣಿಕೊಪ್ಪದ ಮದುವೆಯೊಂದರಲ್ಲಿ ಯಾರೋ ಎದುರಿಗೆ ಬಂದು ಕೈ ಹಿಡಿದು "ಗುರುತು ಸಿಕ್ತಾ?" ಅಂತ ಕೇಳಿದರೆ, ಸಿಗದೇ ಏನು? ತೋಟ ಸಿದ್ದಾಪುರದ ಕಡೆ. ಹೋದ ವರ್ಷ ಆನೆ ನುಗ್ಗಿ ಬಾಳೆ ಮುಗಿಸಿತ್ತು. ಜೀಪಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆಗೆಯಲು ಬರುತ್ತದೆ. ಹೆಸರೊಂದು ಮಾತ್ರ ಇಲ್ಲ. ಅದು ಊಟ ಮುಗಿಸಿ ಕೈ ತೊಳೆಯುವಾಗ ತಾನಾಗೇ ಬರುತ್ತದೆ, ಅಷ್ಟರಲ್ಲಿ ಅವರು ವಿರಾಜಪೇಟೆ ದಾಟಿರುತ್ತಾರೆ.

ತೋಟ, ಆನೆ, ಜೀಪು ಒಂದಕ್ಕೊಂದು ಅಂಟಿಕೊಂಡ ಸಂಗತಿಗಳು, ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಹೆಸರಿಗೆ ಆ ಬಂಧುಬಳಗವಿಲ್ಲ. ಆ ಮನುಷ್ಯ ಪೂವಯ್ಯನೇ ಆಗಬೇಕು, ಬೆಳ್ಳಿಯಪ್ಪ ಆಗಬಾರದು ಅನ್ನುವುದಕ್ಕೆ ಮುಖದಲ್ಲಿ ಯಾವ ಸಾಕ್ಷಿಯೂ ಇಲ್ಲ. ಬೇಕೆಂದೇ ಹುಡುಕುವಾಗ ಹಣೆಯ ಹಿಂದಿರುವ ಮೆದುಳಿನ ಭಾಗ ಪ್ರಿಫ್ರಂಟಲ್ ಕಾರ್ಟೆಕ್ಸ್ ತೋಟದ ಮೇಸ್ತ್ರಿಯ ಹಾಗೆ ನಿಂತು, ನೆನಪು ಹೆಕ್ಕಿ ಕೊಡುವ ಹಿಪೊಕ್ಯಾಂಪಸ್ ತಂದದ್ದನ್ನೆಲ್ಲ "ಇದಲ್ಲ" ಎಂದು ವಾಪಸು ಕಳಿಸುತ್ತದೆ. ತಪ್ಪು ಹೆಸರು ಒಮ್ಮೆ ಎದ್ದರೆ ಮುಗೀತು, ಬೆಳ್ಳಿಯಪ್ಪನೇ ಮತ್ತೆ ಮತ್ತೆ ಬಾಗಿಲು ತಟ್ಟುತ್ತಾನೆ. ಹುಡುಕಾಟ ಬಿಟ್ಟರೆ ಅವನ ಆರ್ಭಟ ಇಳಿದು ಪೂವಯ್ಯನಿಗೆ ದಾರಿಯಾಗುತ್ತದೆ ಎನ್ನುವುದು ಒಂದು ವಿವರಣೆ.

ಹಟ ಹಿಡಿದು ತಿಣುಕಿದರೆ ಲಾಭವಿಲ್ಲ, ನಷ್ಟವೇ. ಪದ ನಾಲಿಗೆ ತುದಿಯಲ್ಲಿ ಸಿಕ್ಕಿಬಿದ್ದಾಗ 10 ಸೆಕೆಂಡು ಅಥವಾ 30 ಸೆಕೆಂಡು ಒದ್ದಾಡಲು ಬಿಟ್ಟು, ಆಮೇಲೆ ಉತ್ತರ ಹೇಳಿದ ಪ್ರಯೋಗವೊಂದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ 2008ರಲ್ಲಿ ಬಂತು. ಹೆಚ್ಚು ಹೊತ್ತು ಒದ್ದಾಡಿದ ಪದವೇ ಮುಂದಿನ ಸಲವೂ ಕೈಕೊಟ್ಟಿತು. ಮೆದುಳು ಕಲಿತದ್ದು ಪದವನ್ನಲ್ಲ, ಒದ್ದಾಟವನ್ನು! ಆದ್ದರಿಂದ ಹತ್ತು ಸೆಕೆಂಡು ನೋಡಿ, ಆಮೇಲೆ ಪಕ್ಕದವರನ್ನು ಕೇಳಿ. ಕೇಳಲು ನಾಚಿಕೆಯಾದರೆ "ಯಾವ ಒಕ್ಕ?" ಅನ್ನಬಹುದು, ಒಕ್ಕ ಅಂದರೆ ಕೊಡವರ ಮನೆತನ. ಅರ್ಧ ಹೆಸರು ಸಿಗುತ್ತದೆ, ಮರ್ಯಾದೆ ಪೂರ್ತಿ ಉಳಿಯುತ್ತದೆ.

ಕರೆಯದೇ ಬರುವ ನೆನಪುಗಳಿಗೆ ಮೇಸ್ತ್ರಿಯ ಕಾಟ ಕಡಿಮೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು 2011ರಲ್ಲಿ ಎಣಿಸಿದಂತೆ, ಬೇಕೆಂದು ತಂದುಕೊಂಡವುಗಳಿಗಿಂತ ಇವು ಸುಮಾರು ಮೂರು ಪಟ್ಟು. ಕೈಗೆ ಕೆಲಸವಿದ್ದು ತಲೆ ಖಾಲಿಯಿದ್ದಾಗಲೇ ಇವುಗಳ ದಂಡು, ಕಾಳುಮೆಣಸು ಬಿಡಿಸುವ ಹೊತ್ತು ಇದ್ದಹಾಗೆ. ಬರುವಾಗ ಇಂಥದ್ದೇ ಬರಲಿ ಅನ್ನುವ ಹಾಗಿಲ್ಲ, ಮಾನ ಕಳೆದ ಪ್ರಸಂಗವೂ ಬರುತ್ತದೆ.

ಇವುಗಳನ್ನು ಎಬ್ಬಿಸುವುದು ಸುತ್ತಲಿನ ಯಾವುದೋ ಸುಳಿವು, ಅದೂ ಅಪರೂಪದ್ದಾಗಿರಬೇಕು. ಕೊಡಗಿನ ಅಡುಗೆಮನೆಯಲ್ಲಿ ಕಾಚಂಪುಳಿಯ, ಅಂದರೆ ಅಲ್ಲಿನ ಕಪ್ಪು ಹುಳಿರಸದ, ವಾಸನೆ ಸಾವಿರ ಊಟಕ್ಕೆ ಅಂಟಿಕೊಂಡಿದೆ, ಹಾಗಾಗಿ ಯಾವ ಊಟವನ್ನೂ ಎತ್ತಿಕೊಡುವುದಿಲ್ಲ. ಅದೇ ಬಾಟಲಿಯನ್ನು ಬೆಂಗಳೂರಿನ ಫ್ಲ್ಯಾಟಿನಲ್ಲಿ ವರ್ಷಕ್ಕೊಮ್ಮೆ ತೆಗೆದರೆ ಕೊಡವರ ಆಯುಧಪೂಜೆಯ ಹಬ್ಬದ, ಒಂದೇ ಒಂದು ಕೈಲ್ ಮುಹೂರ್ತ ಎದ್ದು ನಿಲ್ಲುತ್ತದೆ: ತೆಂಗಿನಕಾಯಿಗೆ ಗುರಿಯಿಟ್ಟ ಚಿಕ್ಕಪ್ಪ, ಗುಂಡು ತಾಗದ ಕಾಯಿ, ತಪ್ಪು ಕೋವಿಯದ್ದೆಂಬ ವಾದ. ಉಳಿದ ಇಂದ್ರಿಯಗಳ ಸುದ್ದಿ ಮೆದುಳಿನ ನಡುವಿನ ಥಾಲಮಸ್ ಎಂಬ ಠಾಣೆಯ ಮೂಲಕ ಹೋಗಬೇಕು. ವಾಸನೆಗೆ ಆ ಸುತ್ತಿಲ್ಲ, ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಾಲಕ್ಕೆ ನೇರ ದಾರಿ.

ಬೇಕಾದದ್ದು ಬೇಕಾದಾಗ ನೆನಪಾಗಲೂ ಈ ಅಪರೂಪದ ಸುಳಿವೇ ಉಪಾಯ. ಮಳೆಗೆ ಮೊದಲು ಗಿಡಗಳಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು, ಸುಣ್ಣ ತರಬೇಕು ಅಂತ ಫ್ರಿಜ್ಜಿಗೆ ಚೀಟಿ ಅಂಟಿಸಬೇಡಿ. ಅಲ್ಲಿ ಆಗಲೇ ಹನ್ನೊಂದು ಚೀಟಿಗಳಿವೆ, ಕಣ್ಣು ಯಾವುದನ್ನೂ ಓದುವುದಿಲ್ಲ. ಖಾಲಿ ಸ್ಪ್ರೇಯರನ್ನು ಜೀಪಿನ ಡ್ರೈವರ್ ಸೀಟಿನ ಮೇಲೆ ಇಡಿ. ನಾಲ್ಕು ದಿನದಲ್ಲಿ ಅದಕ್ಕೂ ಕಣ್ಣು ಒಗ್ಗಿ, ಸ್ಪ್ರೇಯರನ್ನು ಹಿಂದಿನ ಸೀಟಿಗೆ ಎಸೆದು ಪೇಟೆಗೆ ಹೋಗುತ್ತೀರಿ. ಐದನೇ ದಿನ ಅಲ್ಲಿ ಅಮ್ಮನ ಕೊಡೆ ಇಡಿ.