ನಾರ್ಮಲ್ ರಿಪೋರ್ಟ್ ಬಂದ ಎದೆನೋವು: ಸಂಶೋಧನೆಗೆ ಸೇರಬೇಕೆ?

ಪರ

ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ನಮ್ಮ ಚಿಕ್ಕಮ್ಮ ನಡುಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ಹಿಂದಿನವರು ಬೈದರೂ ಸರಿಯೇ, ಕಂಬಿ ಹಿಡಿದು ಎರಡು ನಿಮಿಷ ಸುಧಾರಿಸಿಕೊಳ್ಳಬೇಕು. ಎದೆ ಹಿಂಡಿದ ಹಾಗೆ. ಆಂಜಿಯೋಗ್ರಾಮ್ ಮಾಡಿಸಿದ್ದಾಯಿತು. 'ಬ್ಲಾಕ್ ಇಲ್ಲ, ಗ್ಯಾಸ್ ಇರಬೇಕು' ಅಂದರು. ಅಂದಿನಿಂದ ಮನೆಯಲ್ಲಿ ಆ ನೋವಿಗೆ ಕಿಮ್ಮತ್ತೇ ಇಲ್ಲ.

ಆಂಜಿಯೋಗ್ರಾಮಿನಲ್ಲಿ ಕಾಣುವುದು ದೊಡ್ಡ ನಾಳಗಳು. ಅರ್ಧ ಮಿಲಿಮೀಟರಿಗಿಂತ ಸಣ್ಣವು ಕಾಣುವುದಿಲ್ಲ. ಹೃದಯದ ಸ್ನಾಯುವಿಗೆ ಎಷ್ಟು ರಕ್ತ ಬಿಡಬೇಕೆಂದು ತೀರ್ಮಾನಿಸುವುದು ಮುಖ್ಯವಾಗಿ ಆ ಕಾಣದವೇ. ಬಿಲ್ಡಿಂಗಿನ ಟ್ಯಾಂಕ್ ತುಂಬಿದ್ದರೂ ನಾಲ್ಕನೇ ಮಾಳಿಗೆಯ ನಲ್ಲಿ ತೊಟ್ಟಿಕ್ಕುವುದು ಮುಂಬಯಿಯವರಿಗೆ ಹೊಸತೇ? ಅಳೆಯಲು ದಾರಿಯಿದೆ. ಆಂಜಿಯೋಗ್ರಾಮ್ ಮಾಡುವ ಅದೇ ಕ್ಯಾತ್ ಲ್ಯಾಬಿನಲ್ಲಿ ಸೆನ್ಸರ್ ಇರುವ ಸಪೂರ ತಂತಿ ಇಳಿಸಿ, ನಾಳ ಹಿಗ್ಗಿಸುವ ಅಡೆನೊಸಿನ್ ಎಂಬ ಔಷಧಿ ಕೊಟ್ಟು, ರಕ್ತದ ಹರಿವು ಎಷ್ಟು ಪಟ್ಟು ಏರುತ್ತದೆಂದು ನೋಡುತ್ತಾರೆ. ಎರಡು ಪಟ್ಟೂ ಏರದಿದ್ದರೆ ಸಣ್ಣ ನಾಳಗಳ ಮೇಲೆ ಅನುಮಾನ.

ಇಂಥ ನೋವಿನ ಹೆಂಗಸರನ್ನೇ ಹಿಂಬಾಲಿಸಲು ಅಮೆರಿಕದಲ್ಲಿ 1996ರಲ್ಲಿ 'ವೈಸ್' ಅಧ್ಯಯನ ಶುರುವಾಯಿತು. ಬ್ಲಾಕ್ ಇಲ್ಲದವರೂ ನಿಶ್ಚಿಂತರಲ್ಲ ಎಂದು ಅದರಿಂದಲೇ ತಿಳಿದದ್ದು. ಸ್ಕಾಟ್ಲೆಂಡಿನ 'ಕಾರ್ಮಿಕಾ' ಅಧ್ಯಯನ (ಕೇಳಿದರೆ ಹೋಟೆಲ್ ಕಾರ್ಮಿಕರ ಸಂಘ ಅನ್ನಿಸಬೇಕು!) 2018ರಲ್ಲಿ ಪ್ರಕಟವಾಯಿತು. 151 ಮಂದಿಯಲ್ಲಿ, ಈ ಅಳತೆ ನೋಡಿ ಯಾರಿಗೆ ಔಷಧಿ ಆರಿಸಿಕೊಟ್ಟರೋ ಅವರಿಗೆ ಆರು ತಿಂಗಳಲ್ಲಿ ನೋವು ಇಳಿದಿತ್ತು. ಸಣ್ಣ ನಾಳದ ತೊಂದರೆಗೆ ಬೀಟಾ ಬ್ಲಾಕರ್, ನಾಳ ಸೆಟೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಚಾನಲ್ ಬ್ಲಾಕರ್. ಅಂದಾಜಿಗೆ ಅದಲುಬದಲು ಕೊಟ್ಟರೆ ತಿರುಗಿಬೀಳಬಹುದು.

ಮಧುಮೇಹ ಮನೆಮನೆಯಲ್ಲಿರುವ ನಮ್ಮವರ ನಾಳ ಹೇಗಿದೆಯೆಂದು ಸ್ಕಾಟ್ಲೆಂಡಿನ ಗ್ಲಾಸ್ಗೋದವರು ಬಂದು ಹೇಳಬೇಕೆ? ನೈತಿಕ ಸಮಿತಿಯ ಒಪ್ಪಿಗೆ, ಸಿಟಿಆರ್‌ಐ (ಕ್ಲಿನಿಕಲ್ ಪರೀಕ್ಷೆಗಳ ಸರ್ಕಾರಿ ಪಟ್ಟಿ) ನೋಂದಣಿ ಎರಡೂ ಇದ್ದರೆ ಚಿಕ್ಕಮ್ಮ ಇಲ್ಲಿನ ಇಂಥ ಸಂಶೋಧನೆಗೆ ಧಾರಾಳವಾಗಿ ಸೇರಲಿ.

ವಿರೋಧ

ಆ ನೋವು ಗ್ಯಾಸ್ ಅಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಸಂಶೋಧನೆಗೆ ಸೇರುವುದೆಂದರೆ ಚಿಕಿತ್ಸೆ ಸಿಕ್ಕಿತು ಎಂದಲ್ಲ. ಅದೇ 'ಕಾರ್ಮಿಕಾ'ದಲ್ಲಿ ತಂತಿ ಇಳಿಸಿದ್ದು ಎಲ್ಲರಿಗೂ. ಸುಮಾರು ಅರ್ಧ ಜನರ ಫಲಿತಾಂಶವನ್ನು ಅವರಿಗೂ ತಿಳಿಸಲಿಲ್ಲ, ಅವರ ವೈದ್ಯರಿಗೂ ತಿಳಿಸಲಿಲ್ಲ. ಹೋಲಿಕೆಗೆ ಅದು ಬೇಕೇ ಬೇಕು, ತಪ್ಪೆನ್ನಲಾರೆ. ಚಿಕ್ಕಮ್ಮ ಯಾವ ಅರ್ಧಕ್ಕೆ ಬೀಳುತ್ತಾರೆಂದು ಮಾತ್ರ ಯಾರೂ ಮುಂಚೆ ಹೇಳರು. ಅಡೆನೊಸಿನ್ ಒಳಗೆ ಹೋದಾಗ ಎದೆ ಬಿಗಿದು ಉಸಿರು ಕಟ್ಟಿದಂತಾಗುವುದನ್ನೂ ಪರವಾದಿಗಳು ಹೇಳಲಿಲ್ಲ. ಸ್ವಲ್ಪ ಹೊತ್ತಿನದೇ, ಆದರೂ ಅನುಭವಿಸುವವರು ಅವರು.

ನೋವು ಇಳಿಯಿತು, ಸರಿ. ಹೃದಯಾಘಾತ, ಸಾವುಗಳಲ್ಲಿ ಆ ಆರು ತಿಂಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹೊಸ ಮದ್ದುಗಳ ಕಥೆ ಇನ್ನೂ ಸಪ್ಪೆ. ರನೊಲಜಿನ್ 2016ರ ಪರೀಕ್ಷೆಯಲ್ಲಿ ಒಟ್ಟಾರೆ ಫಲ ಕೊಡಲಿಲ್ಲ. 2024ರಲ್ಲಿ ಜಿಬೊಟೆಂಟಾನ್ ನುಂಗಿದವರೂ ಟ್ರೆಡ್‌ಮಿಲ್ ಮೇಲೆ ಹೆಚ್ಚು ಹೊತ್ತು ನಡೆಯಲಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಹತೋಟಿಗೆ ತರಲು, ನೋವನ್ನು ನಂಬಿ ಔಷಧಿ ಬದಲಾಯಿಸಿ ನೋಡಲು ತಂತಿಯೇನೂ ಬೇಕಿಲ್ಲ.

ಇನ್ನು ಒಪ್ಪಿಗೆ ಪತ್ರ. ಹೊಸ ಔಷಧಿ ಮತ್ತು ಕ್ಲಿನಿಕಲ್ ಪರೀಕ್ಷೆಗಳ 2019ರ ನಿಯಮದಲ್ಲಿ ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎಲ್ಲ ಇದೆ. ಪತ್ರವನ್ನು ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎಂದೂ ಇದೆ. ನನ್ನ ಭಾವ ಕುಂದಾಪುರ ಕಡೆಯವರು, ಮಾಟುಂಗದ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹೊಯ್ದವರು. ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದು ಕನ್ನಡ ಮಾತ್ರ. ಹೋದ ವರ್ಷ ಒಂದು ಆಸ್ಪತ್ರೆಯಲ್ಲಿ ಮರಾಠಿಯಲ್ಲಿದ್ದ ಆರು ಪುಟದ ಕಾಗದಕ್ಕೆ ಸಹಿ ಹಾಕಿ ಬಂದರು. ಯಾವುದಕ್ಕೆ ಎಂದು ಕೇಳಿದೆ.

'ರಕ್ತ ತಪಾಸಣೆ ಇರಬೇಕು' ಅಂದರು.