ಬುತ್ತಿ ನಮ್ಮದೇ ಇರಲಿ, ಬಟ್ಟೆ ಮಾತ್ರ ಗುಡ್ಡದವರ ಹಾಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹುಡುಗರು ಈಗ ಹಿಮಾಲಯದ ಟ್ರೆಕ್‌ಗೆ ಬರೋದು ಜಾಸ್ತಿಯಾಗಿದೆ. ನಾನಿರುವುದು ಡೆಹ್ರಾಡೂನ್‌ನಲ್ಲಿ, ಊರು ಗಂಗಾವತಿ ಹತ್ತಿರ. ಹಾಗಾಗಿ ಕೇದಾರಕಂಠಕ್ಕೋ ಹರ್ ಕಿ ದೂನ್‌ಗೋ ಹೊರಟವರು ಏನೇನು ತರಬೇಕು ಅಂತ ನನಗೆ ಫೋನ್ ಮಾಡುತ್ತಾರೆ. ಕೇಳುವುದೆಲ್ಲ ಬ್ಯಾಗು, ಪ್ರೋಟೀನ್ ಬಾರು, ನೂಡಲ್ಸ್ ಬಗ್ಗೆ. ಮನೆಯ ಬುತ್ತಿಯ ಮಾತೇ ಬರಲ್ಲ. ಅದು ನನಗೆ ನಿಜಕ್ಕೂ ಬೇಜಾರು.

ದಿನಗಟ್ಟಲೆ ನಡೆಯೋದು ನಮ್ಮವರಿಗೆ ಹೊಸದಾ? ಯುಗಾದಿ ಹತ್ತಿರ ಬಂತೆಂದರೆ ನಮ್ಮ ಊರುಗಳಿಂದ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ, ಸುಡು ಬಿಸಿಲಲ್ಲಿ ನಲ್ಲಮಲ ಕಾಡು ಹೊಕ್ಕು, ಭೀಮನ ಕೊಳ್ಳ ಇಳಿದು ಹತ್ತಿ, ಕೈಲಾಸ ದ್ವಾರ ಮುಟ್ಟುತ್ತಾರೆ. ಅವರ ಗಂಟಿನಲ್ಲಿ ಇರುವುದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ. ಇದಕ್ಕಿಂತ ಒಳ್ಳೆ ಟ್ರೆಕ್ ಊಟ ನಾನಂತೂ ಕಂಡಿಲ್ಲ. ನೀರಿನಂಶ ಇಲ್ಲ, ಕೆಡಲ್ಲ, ಬೇಯಿಸಬೇಕಿಲ್ಲ. 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯೋದರೊಳಗೆ ಗ್ಯಾಸೇ ಖಾಲಿ. ಶೇಂಗಾ 100 ಗ್ರಾಂಗೆ ಸುಮಾರು 560 ಕ್ಯಾಲೊರಿ ಕೊಡುತ್ತದೆ. ಹೊರುವ ತೂಕಕ್ಕೆ ಅಷ್ಟು ಶಕ್ತಿ ಕೊಡುವ ಅಗ್ಗದ ಪದಾರ್ಥ ಇನ್ನೇನಿದೆ ಹೇಳಿ.

ನಮ್ಮ ಚಿಕ್ಕಮ್ಮ ರೊಟ್ಟಿ ಕಟ್ಟುವುದನ್ನು ನೋಡಬೇಕು. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆ ಪಕ್ಕ ನಿಲ್ಲಿಸಿ ಒಣಗಿಸುತ್ತಾಳೆ. ಆಮೇಲೆ ಒಂದೊಂದನ್ನೇ ಬೆರಳಿಂದ ತಟ್ಟಿ ನೋಡುತ್ತಾಳೆ, ನಡುವೆ ಒಂಚೂರು ಮೆತ್ತಗಿದ್ದರೂ ಅದನ್ನು ಬೇರೆ ಇಡುತ್ತಾಳೆ, ಯಾಕಂದರೆ ಅದೊಂದರಿಂದ ಉಳಿದವಕ್ಕೂ ಬೂಸಲು ಹತ್ತುತ್ತದೆ. ಎರಡು ಸ್ಟೀಲ್ ತಟ್ಟೆ ನಡುವೆ ಜೋಡಿಸಿ ಹಳೇ ಪಂಚೆಯಲ್ಲಿ ಬಿಗಿಯಾಗಿ ಗಂಟು ಹಾಕುತ್ತಾಳೆ. ಬ್ಯಾಗಿನಲ್ಲಿ ಅದನ್ನು ಬೆನ್ನಿನ ಕಡೆಗೆ ನಿಲ್ಲಿಸಿಡಿ. ಮುರಿದರೂ ಚಿಂತೆ ಇಲ್ಲ, ರಾತ್ರಿ ಬಿಸಿ ಸಾರಿಗೆ ಪುಡಿ ಮಾಡಿ ಹಾಕಿಕೊಂಡರೆ ಹೊಟ್ಟೆ ತುಂಬುತ್ತದೆ. ಜೊತೆಗೆ ಶೇಂಗಾ ಹೋಳಿಗೆ. ಮಂಡಕ್ಕಿ ಬೇಡ, ತೂಕ ಇಲ್ಲ ಆದರೆ ಬ್ಯಾಗೆಲ್ಲ ಅದೇ ತುಂಬಿಕೊಳ್ಳುತ್ತದೆ.

ಒಂದು ವ್ಯತ್ಯಾಸ ಮಾತ್ರ ಮರೀಬೇಡಿ. ಶ್ರೀಶೈಲದ ದಾರಿಯಲ್ಲಿ ಗಂಟು ಹಗುರ ಇರುವುದಕ್ಕೆ ಅರ್ಧ ಕಾರಣ ದಾಸೋಹ. ಊರೂರಲ್ಲಿ ಜನ ನಿಂತು ಊಟ, ಮಜ್ಜಿಗೆ, ನೀರು ಕೊಡುತ್ತಾರೆ. ಇಲ್ಲಿ ಮೇಲಿನ ಕ್ಯಾಂಪಲ್ಲಿ ನೀವು ಹೊತ್ತು ತಂದಿದ್ದೇ ಗತಿ.

ಬಟ್ಟೆ ವಿಷಯಕ್ಕೆ ಬಂದರೆ ನಮ್ಮ ರೂಢಿ ಪೂರ್ತಿ ಬಿಡಬೇಕು. ರಾಯಚೂರಿನ ಬಿಸಿಲಿಗೆ ಕಾಟನ್ನೇ ಸರಿ, ಬೆವರು ಹೀರಿ ಮೈ ತಣ್ಣಗಿಡುತ್ತದೆ. ಇಲ್ಲಿ ಅದೇ ಗುಣ ಅಪಾಯ. ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಹತ್ತುವಾಗ ಒದ್ದೆಯಾದ ಬನಿಯನ್ ಒಣಗಲ್ಲ, ನಿಂತ ಕೂಡಲೇ ಮೈಯ ಕಾವನ್ನೆಲ್ಲ ಎಳೆದುಬಿಡುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ. ಒಳಗೆ ಬೇಗ ಒಣಗುವ ಪಾಲಿಯೆಸ್ಟರ್ ಇಲ್ಲವೇ ತೆಳು ಉಣ್ಣೆ, ಅದರ ಮೇಲೆ ಫ್ಲೀಸ್ ಅನ್ನೋ ಹಗುರ, ಬೆಚ್ಚನೆಯ ಸಿಂಥೆಟಿಕ್ ಅಂಗಿ, ಕ್ಯಾಂಪಲ್ಲಿ ಕೂತಾಗ ದಪ್ಪ ಜಾಕೆಟ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯೋದೊಂದು. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ ಅನ್ನೋದು ನಮ್ಮ ಕುರಿಗಾಹಿಗಳಿಗೆ ಚೆನ್ನಾಗಿ ಗೊತ್ತು, ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಕುರಿ ಕಾಯುತ್ತಾರಲ್ವಾ. ಆದರೆ ಆ ಕಂಬಳಿ ಭಾರ, ಬೆನ್ನ ಮೇಲೆ ಹೊತ್ತು ತರುವಂಥದ್ದಲ್ಲ. ಮಲಗುವಾಗ ಹಾಕುವ ಸಾಕ್ಸ್ ಒಂದು ಜೊತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೇರೆ ಇಡಿ, ಹಗಲು ಏನೇ ಆದರೂ ಅದನ್ನು ಮುಟ್ಟಬೇಡಿ.

ಇಷ್ಟೆಲ್ಲ ಸೇರಿ ಬ್ಯಾಗು ನಿಮ್ಮ ತೂಕದ ಐದನೇ ಒಂದು ಭಾಗ ದಾಟಬಾರದು. ದಪ್ಪ ಜಾಕೆಟ್ಟು, ಊರುಗೋಲು ಈ ಟ್ರೆಕ್‌ಗಳು ಶುರುವಾಗುವ ಸಾಂಕ್ರಿ ಊರಲ್ಲೇ ಬಾಡಿಗೆಗೆ ಸಿಗುತ್ತವೆ, ಒಂದೇ ಟ್ರೆಕ್‌ಗೆ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಶೂ ಮಾತ್ರ ಸ್ವಂತದ್ದೇ ಆಗಬೇಕು. ಅದನ್ನು ಹಾಕಿಕೊಂಡು, ತುಂಬಿದ ಬ್ಯಾಗು ಹೊತ್ತು, ಆನೆಗೊಂದಿ ಹತ್ತಿರದ ಅಂಜನಾದ್ರಿಯ 575 ಮೆಟ್ಟಿಲು ಕೆಲವು ವಾರ ಹತ್ತಿ ಇಳಿಯಿರಿ, ಹಿಮ್ಮಡಿ ಎಲ್ಲಿ ಉಜ್ಜುತ್ತದೆ ಅನ್ನೋದು ಊರಲ್ಲಿದ್ದಾಗಲೇ ಗೊತ್ತಾಗಲಿ.