ಬಲ ಹೆಗಲ ಸೆರಗು

ಮೈಸೂರಿಗೆ ಬಂದ ನೆಂಟರನ್ನು ಜಗನ್ಮೋಹನ ಅರಮನೆಗೆ ಕರ್ಕೊಂಡು ಹೋದರೆ ಎಲ್ಲರೂ ಕದಲದೆ ನಿಲ್ಲೋದು ಕಲಾವಿದ ಹಲ್ದಂಕರರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ. ಬರೀ ಜಲವರ್ಣದಲ್ಲಿ ಆ ಬೆಳಕು! ನನಗೂ ಇಷ್ಟವೇ. ಆದರೆ ಅದು ಮಗಳನ್ನು ನಿಲ್ಲಿಸಿ ಬರೆದ ಚಿತ್ರ. ಮಂಡ್ಯ ಕಡೆಯ ನಮ್ಮೂರಲ್ಲಿ ಅವ್ವನನ್ನು ಹಾಗೆ ನಿಲ್ಲಿಸೋಕೆ ಹೋದರೆ ಎಸರು ಉಕ್ಕಿಹೋಗುತ್ತೆ, ಜೊತೆಗೆ ನಾಲ್ಕು ಬೈಗುಳ.

ಮನೆವಾರ್ತೆಯ ಬದುಕಿಗೆ ಎಚಿಂಗೇ, ಅಂದರೆ ತಗಡಿನಲ್ಲಿ ಗೆರೆ ಕೊರೆದು ಕಾಗದಕ್ಕೆ ಅಚ್ಚು ತೆಗೆಯೋ ಕಲೆಯೇ, ಒಗ್ಗೋದು ಅನ್ನೋದು ನನ್ನ ಹಟ. ಸತುವಿನ ತಗಡಿಗೆ ಮೇಣದ ಲೇಪ ಹಚ್ಚಿ ಸೂಜಿಯಲ್ಲಿ ಗೀಚಿದರಾಯಿತು. ಮೇಣ ಎದ್ದ ಕಡೆ ಲೋಹ ತಿನ್ನೋ ಕೆಲಸ ನೈಟ್ರಿಕ್ ಆಸಿಡ್‌ದು. ಸೂಜಿ ಪೆನ್ಸಿಲ್‌ನಷ್ಟೇ ಸಲೀಸಾಗಿ ಓಡುತ್ತೆ. ಹೊಸಿಲ ಮೇಲೆ ಕೂತು, ಕವೆಗೋಲು ಮೆಟ್ಟಿ ಮುದ್ದೆ ತಿರುವೋಳನ್ನು ಅವಳ ಪಾಡಿಗೆ ಬಿಟ್ಟು ಬರೀಬಹುದು. ಡಚ್ ಕಲಾವಿದ ರೆಂಬ್ರಾಂಟ್ 1635ರಲ್ಲೇ ಬಾಣಲೆ ಮುಂದೆ ಕೂತ ಮುದುಕಿಯನ್ನೂ, ಕೈಲಿರೋ ತಿಂಡಿಯನ್ನು ನಾಯಿಗೆ ಸಿಗದ ಹಾಗೆ ಬಚ್ಚಿಡೋ ಮಗುವನ್ನೂ ಎಚಿಂಗಿನಲ್ಲಿ ಹಿಡಿದಿದ್ದ. ಅಂಗೈ ಅಗಲದ ಚಿತ್ರ ಅದು.

ಹತ್ತು ಪ್ರತಿ ತೆಗೀತೀವಿ ಅಂದ ಕೂಡಲೇ ಕೆಲವರು ‘ಜೆರಾಕ್ಸಾ?’ ಅಂತಾರೆ. ಮೈ ಉರಿಯುತ್ತೆ. ಪ್ರತಿಯೊಂದಕ್ಕೂ ಹೊಸದಾಗಿ ಮಸಿ ಹಚ್ಚಬೇಕು, ಗೆರೆಯೊಳಗಿನದು ಉಳಿದು ಮಿಕ್ಕಿದ್ದು ಹೋಗೋ ಹಾಗೆ ಬಟ್ಟೆಯಲ್ಲಿ ಒರೆಸಬೇಕು, ನೆನೆಸಿದ ಕಾಗದ ಹಾಸಿ ಪ್ರೆಸ್ಸಿನಡಿ ಹಾಯಿಸಬೇಕು. ಒರೆಸೋ ಕೈ ಒಂದಿಷ್ಟು ಬಿಗಿಯಾದರೂ ಚಿತ್ರ ಬೇರೆಯೇ.

ಒಂದೇ ಪೇಚು: ಅಚ್ಚಿಗೆ ಬಂದಾಗ ಎಡ ಬಲ ಅದಲು ಬದಲು. ಮೊದಲ ಪ್ರತಿ ತೋರಿಸಿದಾಗ ಅವ್ವ, “ಇದೇನ್ಲಾ, ಸೇಟು ಮನೆಯೋರ ತರ ನಂಗೆ ಬಲಗಡೆಗೆ ಸೆರಗು ಹಾಕ್ಬುಟ್ಟಿದ್ದೀಯ?” ಅಂದಳು. ಪ್ರೆಸ್ಸಿನವರು ಯಾರೂ ಅದನ್ನು ಗಮನಿಸಿರಲಿಲ್ಲ. ನಾನೂ.

ಎರಡನೇ ತಗಡಿಗೆ ಕನ್ನಡಿ ಇಟ್ಕೊಂಡು, ಅದರಲ್ಲಿ ನೋಡ್ಕೊಂಡು ಬರೆದೆ. ಗೋಡೆಯ ಹೊಗೆ ಕಪ್ಪಿಗೆ ಅಕ್ವಾಟಿಂಟ್: ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಸಿಡ್‌ನಲ್ಲಿ ಮತ್ತೆ ಮತ್ತೆ ಅದ್ದಿ ತೆಗೆಯೋದು. ಹೆಚ್ಚು ಹೊತ್ತು ಬಿಟ್ಟಷ್ಟೂ ಕಪ್ಪು ಗಾಢ. ಒಲೆ ಮೇಲಿನ ಗೋಡೆಗಂತಲೇ ಮೂರು ದಿನ ಹಿಡೀತು, ನಲವತ್ತು ವರ್ಷದ ಸೌದೆ ಹೊಗೆ ಅಲ್ವಾ.

ಅವ್ವ ಕಿಟಕಿ ಹತ್ತಿರ ಹಿಡಿದು ನೋಡಿದಳು. ಸೆರಗು ಸರಿಯಿತ್ತು.

“ಸುಣ್ಣ ಹೊಡ್ಸಿ ಆಮೇಲೆ ಬರೀಬಾರ್ದಾಗಿತ್ತಾ?”